ಕಟ್ಟಡ ಕೆಲಸಕ್ಕೆ ಪ್ಲಾಸ್ಟಿಕ್: ಎಲ್ಲಿಗೆ ಯಾವುದು, ಕೂಡಿಸುವುದು ಹೇಗೆ

ಕಟ್ಟಡದಲ್ಲಿ ಪ್ಲಾಸ್ಟಿಕ್ ಹೆಚ್ಚಾಗಿ ಕಣ್ಣಿಗೆ ಬೀಳದ ಜಾಗಗಳಲ್ಲೇ ಕೆಲಸ ಮಾಡುತ್ತದೆ. ಗೋಡೆಯೊಳಗಿನ ನೀರಿನ ಪೈಪು, ವಿದ್ಯುತ್ ತಂತಿಯ ಹೊದಿಕೆ, ನೆಲಗಟ್ಟಿನ ಅಡಿಯಲ್ಲಿ ತೇವ ತಡೆಯುವ ಹಾಳೆ, ಕಿಟಕಿಯ ಸುತ್ತಲಿನ ಸಂದಿ ಮುಚ್ಚುವ ಸೀಲೆಂಟ್, ಚಾವಣಿಯ ಉಷ್ಣರೋಧಕ ಪದರ, ಇವೆಲ್ಲ ಒಮ್ಮೆ ಗಾರೆಯ ಹಿಂದೆ ಸೇರಿಕೊಂಡ ಮೇಲೆ ಹತ್ತಾರು ವರ್ಷ ಅಲ್ಲೇ ಇರಬೇಕಾದ ವಸ್ತುಗಳು. ಆಯ್ಕೆ ತಪ್ಪಿದರೆ ಪ್ಲಾಸ್ಟಿಕ್ಕಿನ ಬೆಲೆಗಿಂತ ಅದನ್ನು ತಲುಪಲು ಒಡೆಯಬೇಕಾದ ಗೋಡೆ ಮತ್ತು ನೆಲದ ಬೆಲೆಯೇ ದೊಡ್ಡದಾಗುತ್ತದೆ. ನನ್ನ ದೃಢವಾದ ಅಭಿಪ್ರಾಯವೆಂದರೆ, ಒಳ್ಳೆಯ ಗುಣಮಟ್ಟದ ಪ್ಲಾಸ್ಟಿಕ್ ಕೈಕೊಡುವುದು ಬಹುಮಟ್ಟಿಗೆ ಎರಡೇ ಕಡೆ: ಒಂದು, ಎರಡು ತುಂಡುಗಳು ಕೂಡುವ ಕೀಲಿನಲ್ಲಿ, ಇನ್ನೊಂದು, ಹಿಗ್ಗಲು ಕುಗ್ಗಲು ಜಾಗ ಬಿಡದೆ ಬಿಗಿದು ಕೂರಿಸಿದ ಕಡೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪ್ರತಿಯೊಂದು ಬಗೆಯ ಗುಣದ ಜೊತೆಗೆ ಅದನ್ನು ಕೂಡಿಸುವ ಕ್ರಮಕ್ಕೂ ಅಷ್ಟೇ ಮಹತ್ವ ಕೊಟ್ಟಿದ್ದೇನೆ.

ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಪ್ಲಾಸ್ಟಿಕ್‌ಗಳಲ್ಲಿ ಎರಡು ದೊಡ್ಡ ಪಂಗಡಗಳಿವೆ. ಕಾಯಿಸಿದರೆ ಮೇಣದಂತೆ ಮೆತ್ತಗಾಗಿ, ಆರಿದಾಗ ಮತ್ತೆ ಗಟ್ಟಿಯಾಗುವಂಥವು ಥರ್ಮೋಪ್ಲಾಸ್ಟಿಕ್‌ಗಳು; ಪಿವಿಸಿ, ಪಾಲಿಎಥಿಲೀನ್, ಪಾಲಿಪ್ರೊಪಿಲೀನ್, ಪಾಲಿಸ್ಟೈರೀನ್, ಪಾಲಿಕಾರ್ಬೊನೇಟ್ ಈ ಪಂಗಡಕ್ಕೆ ಸೇರುತ್ತವೆ. ಒಮ್ಮೆ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾದ ಮೇಲೆ ಎಷ್ಟು ಕಾಯಿಸಿದರೂ ಕರಗದೆ, ಕೊನೆಗೆ ಕರಿಯಾಗುವಂಥವು ಥರ್ಮೋಸೆಟ್‌ಗಳು; ಎಪಾಕ್ಸಿ, ಪಾಲಿಯೆಸ್ಟರ್ ರಾಳ, ಬೇಕಲೈಟ್ ಮತ್ತು ಉಷ್ಣರೋಧಕ್ಕೆ ಬಳಸುವ ಗಡುಸು ಪಾಲಿಯುರೆಥೇನ್ ಫೋಮ್ ಈ ಕಡೆಯವು. ಮೊದಲನೆಯ ಪಂಗಡದ ಕೆಲವನ್ನು ಬಿಸಿ ಮಾಡಿ ಬೆಸೆಯಬಹುದು, ಎರಡನೆಯದನ್ನು ಅಂಟಿಸಬಹುದು ಅಥವಾ ಬೋಲ್ಟ್ ಹಾಕಬಹುದು, ಬೆಸೆಯಲಾಗದು.

ಇಷ್ಟು ತಿಳಿದ ಮೇಲೆ ಜಾಗವನ್ನು ನೋಡಿ ನಾಲ್ಕು ವಿಷಯಗಳನ್ನು ವಿಚಾರಿಸಬೇಕು. ಅಲ್ಲಿ ಅತಿ ಹೆಚ್ಚು ತಾಪ ಎಷ್ಟು? ಬಿಸಿಲು ನೇರವಾಗಿ ಬೀಳುತ್ತದೆಯೇ? ಭಾರ ಅಥವಾ ಒತ್ತಡ ಆಗೊಮ್ಮೆ ಈಗೊಮ್ಮೆ ಬರುವಂಥದ್ದೇ, ಇಲ್ಲವೇ ವರ್ಷಗಟ್ಟಲೆ ಬಿಡದೆ ಇರುವಂಥದ್ದೇ? ಪಕ್ಕದಲ್ಲಿ ತಗಲುವ ವಸ್ತು ಯಾವುದು? ಮೂರನೆಯ ಪ್ರಶ್ನೆಯನ್ನು ಬಹಳ ಮಂದಿ ಮರೆಯುತ್ತಾರೆ. ಪ್ಲಾಸ್ಟಿಕ್ ಒಂದು ಗಂಟೆ ಹೊತ್ತ ಭಾರವನ್ನು ಹತ್ತು ವರ್ಷವೂ ಅದೇ ಆಕಾರದಲ್ಲಿ ಹೊರುತ್ತದೆಂದು ನಂಬುವಂತಿಲ್ಲ. ನಿರಂತರ ಭಾರಕ್ಕೆ ಅದು ನಿಧಾನವಾಗಿ ಬಾಗುತ್ತ ಹೋಗುತ್ತದೆ, ತಾಪ ಏರಿದಷ್ಟೂ ಈ ಬಾಗುವಿಕೆ ಬೇಗ ಆಗುತ್ತದೆ. ಬಿಸಿನೀರಿನ ಪೈಪಿಗೆ ತಣ್ಣೀರಿನ ಪೈಪಿಗಿಂತ ಹತ್ತಿರ ಹತ್ತಿರ ಕ್ಲ್ಯಾಂಪು ಹಾಕಬೇಕೆನ್ನುವುದು ಇದಕ್ಕಾಗಿಯೇ.

ಹಿಗ್ಗುವಿಕೆಯ ಲೆಕ್ಕವನ್ನು ಅಂಕಿಗಳಲ್ಲೇ ನೋಡುವುದು ಒಳ್ಳೆಯದು. ತಾಪ 1 ಡಿಗ್ರಿ ಸೆಲ್ಸಿಯಸ್ ಏರಿದಾಗ 1 ಮೀಟರ್ ಉದ್ದದ ಉಕ್ಕು ಸುಮಾರು 0.012 ಮಿ.ಮೀ. ಹಿಗ್ಗಿದರೆ, ಪಿವಿಸಿ ಸುಮಾರು 0.07, ಪಾಲಿಪ್ರೊಪಿಲೀನ್ ಸುಮಾರು 0.15, ಪಾಲಿಎಥಿಲೀನ್ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ. ಹಾಗೆಂದರೆ 10 ಮೀಟರ್ ಉದ್ದದ ಪೈಪಿನ ತಾಪ 30 ಡಿಗ್ರಿ ಬದಲಾದಾಗ ಉಕ್ಕಿನ ಪೈಪು 4 ಮಿ.ಮೀ. ಕೂಡ ಬೆಳೆಯುವುದಿಲ್ಲ, ಪಿವಿಸಿ ಪೈಪು ಸುಮಾರು 21 ಮಿ.ಮೀ. ಬೆಳೆಯುತ್ತದೆ, ಪಾಲಿಎಥಿಲೀನ್ ಪೈಪು 60 ಮಿ.ಮೀ. ಬೆಳೆಯುತ್ತದೆ. ಈ ಬೆಳವಣಿಗೆಗೆ ಒಂದು ತಿರುವು, ಒಂದು ಲೂಪು ಅಥವಾ ಜಾರುವ ಕ್ಲ್ಯಾಂಪು ಇಲ್ಲದಿದ್ದರೆ ಪೈಪು ಪಕ್ಕಕ್ಕೆ ಡೊಂಕಾಗಿ ಬಾಗುತ್ತದೆ, ಇಲ್ಲವೇ ಅಷ್ಟೂ ಬಲವನ್ನು ಹತ್ತಿರದ ಎಲ್ಬೋ (ಮೂಲೆ ತಿರುವಿನ ಫಿಟ್ಟಿಂಗ್) ಮೇಲೆ ಹಾಕುತ್ತದೆ.

ಪಿವಿಸಿ ಮತ್ತು ಅದರ ಬಳಗ

ಕಟ್ಟಡದಲ್ಲಿ ಅತ್ಯಂತ ಹೆಚ್ಚು ರೂಪಗಳಲ್ಲಿ ಕಾಣಿಸಿಕೊಳ್ಳುವ ಪ್ಲಾಸ್ಟಿಕ್ ಪಿವಿಸಿ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇ 57ರಷ್ಟು ಕ್ಲೋರಿನ್ ಇರುತ್ತದೆ. ಬೆಂಕಿಯ ಮೂಲ ದೂರ ಸರಿದರೆ ಗಡುಸು ಪಿವಿಸಿ ತಾನಾಗಿ ಆರುವುದಕ್ಕೂ, ಉರಿಯುವಾಗ ಉಸಿರುಗಟ್ಟಿಸುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುವುದಕ್ಕೂ ಅದೇ ಕಾರಣ. ಮೆತ್ತಗಾಗಿಸುವ ದ್ರವಗಳನ್ನು ಬೆರೆಸದೆ ಮಾಡಿದ ಗಡುಸು ಬಗೆಯನ್ನು ಯುಪಿವಿಸಿ ಎನ್ನುತ್ತಾರೆ: ತಣ್ಣೀರಿನ ಪೈಪು, ಚರಂಡಿ ಪೈಪು, ಕಿಟಕಿ ಚೌಕಟ್ಟುಗಳಿಗೆ ಇದು. ಅಂಥ ದ್ರವಗಳನ್ನು ಬೆರೆಸಿದ್ದು ತಂತಿಯ ಹೊದಿಕೆ, ನೆಲಹಾಸು, ಜಲನಿರೋಧಕ ಹಾಳೆಗಳಾಗುತ್ತದೆ. ಕ್ಲೋರಿನ್ ಪ್ರಮಾಣವನ್ನು ಇನ್ನಷ್ಟು ಏರಿಸಿ ತಾಪ ತಡೆಯುವಂತೆ ಮಾಡಿದ್ದು ಸಿಪಿವಿಸಿ.

ಬಿಸಿನೀರಿಗೆ ಯುಪಿವಿಸಿ ಬೇಡವೇ ಬೇಡ. 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದು ತಡೆಯಬಲ್ಲ ಒತ್ತಡವು ಸಾಮಾನ್ಯ ತಾಪದಲ್ಲಿ ತಡೆಯುವ ಒತ್ತಡದ ಕಾಲುಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಸಿಪಿವಿಸಿಯನ್ನು 93 ಡಿಗ್ರಿಯವರೆಗೂ ಬಳಸುವಂತೆ ತಯಾರಿಸಲಾಗುತ್ತದೆ, ಆದರೆ ಅದಕ್ಕೂ ಒಂದು ದೌರ್ಬಲ್ಯವಿದೆ: ಕೆಲವು ಎಣ್ಣೆಗಳು, ಕೆಲವು ಸೀಲೆಂಟ್‌ಗಳು, ಮೆತ್ತನೆಯ ಪಿವಿಸಿಯಿಂದ ಒಸರುವ ದ್ರವಗಳು ತಗಲಿದರೆ ಒತ್ತಡದಲ್ಲಿರುವ ಸಿಪಿವಿಸಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳಿಂದ ಆರಂಭಿಸಿ ಕೊನೆಗೆ ಸೀಳುತ್ತದೆ. ಹಾಗಾಗಿ ಸಿಪಿವಿಸಿ ಪೈಪಿಗೆ ತಗಲುವ ಪ್ರತಿ ಪೇಸ್ಟು, ಟೇಪು, ಬೆಂಕಿತಡೆ ಸೀಲೆಂಟ್ ಮತ್ತು ಕ್ಲ್ಯಾಂಪಿನ ರಬ್ಬರು ಅದಕ್ಕೆ ಹೊಂದುವುದೆಂದು ತಯಾರಕರು ಬರೆದುಕೊಟ್ಟಿದ್ದಾರೆಯೇ ಎಂದು ನೋಡಿಯೇ ಬಳಸಬೇಕು.

ಪಿವಿಸಿ ಪೈಪಿನ ಕೀಲಿಗೆ ಬಳಸುವ ಸಾಲ್ವೆಂಟ್ ಸಿಮೆಂಟ್ ಸಾಮಾನ್ಯ ಅರ್ಥದ ಅಂಟಲ್ಲ. ಅದು ಪೈಪಿನ ಹೊರಮೈಯನ್ನೂ ಸಾಕೆಟ್ಟಿನ (ಪೈಪು ತೂರುವ ಫಿಟ್ಟಿಂಗಿನ ಬಾಯಿಯ) ಒಳಮೈಯನ್ನೂ ಸ್ವಲ್ಪ ಕರಗಿಸಿ ಎರಡನ್ನೂ ಒಂದೇ ಪ್ಲಾಸ್ಟಿಕ್ಕಾಗಿ ಬೆಸೆಯುತ್ತದೆ. ಈ ತಿಳಿವಳಿಕೆ ಇದ್ದರೆ ಉಳಿದ ಕ್ರಮವೆಲ್ಲ ತಾನಾಗಿ ಅರ್ಥವಾಗುತ್ತದೆ. ಮೊದಲು ಪೈಪನ್ನು ಉದ್ದಕ್ಕೆ ನೇರ ಅಡ್ಡವಾಗಿ ಕತ್ತರಿಸಬೇಕು, ಏಕೆಂದರೆ ಓರೆಯಾಗಿ ಕತ್ತರಿಸಿದ ಪೈಪು ಸಾಕೆಟ್ಟಿನ ತಳ ಮುಟ್ಟುವ ಕಡೆ ಬೆಸುಗೆಯ ಅಗಲ ಕಡಿಮೆಯಾಗುತ್ತದೆ. ಕತ್ತರಿಸಿದ ಅಂಚಿನ ಒಳಗೂ ಹೊರಗೂ ಎದ್ದ ಚೂರುಗಳನ್ನು ಹೆರೆದು, ಹೊರ ಅಂಚನ್ನು ಸ್ವಲ್ಪ ಇಳಿಜಾರು ಮಾಡಬೇಕು. ಚೂಪಾದ ಅಂಚು ಒಳಹೋಗುವಾಗ ಹಚ್ಚಿದ ಸಿಮೆಂಟನ್ನೆಲ್ಲ ಮುಂದಕ್ಕೆ ಕೆರೆದುಕೊಂಡು ಹೋಗುತ್ತದೆ. ಬಳಿಕ ಒಣಗಿರುವಾಗಲೇ ಒಮ್ಮೆ ತೂರಿಸಿ ನೋಡಬೇಕು. ಪೈಪು ಸಾಕೆಟ್ಟಿನ ಆಳದ ಮೂರನೇ ಒಂದರಿಂದ ಮೂರನೇ ಎರಡು ಭಾಗದವರೆಗೆ ಹೋಗಿ ಬಿಗಿಯಾಗಿ ನಿಂತರೆ ಅಳತೆ ಸರಿಯಿದೆ. ಸಲೀಸಾಗಿ ತಳ ಮುಟ್ಟಿ ಅಲ್ಲಾಡಿದರೆ ಬೇರೆ ಫಿಟ್ಟಿಂಗ್ ಹುಡುಕಬೇಕು. ಎಷ್ಟು ಆಳ ಹೋಗಬೇಕೆಂಬುದನ್ನು ಪೈಪಿನ ಮೇಲೆ ಗೆರೆ ಎಳೆದು ಗುರುತಿಸಿ, ಒರೆಸಿ, ಪ್ರೈಮರ್ ಬೇಕೆಂದಿದ್ದರೆ ಅದನ್ನು ಹಚ್ಚಿ, ಆಮೇಲೆ ಪೈಪಿಗೆ ಧಾರಾಳವಾಗಿಯೂ ಸಾಕೆಟ್ಟಿಗೆ ತೆಳುವಾಗಿಯೂ ಸಿಮೆಂಟ್ ಬಳಿಯಬೇಕು. ಸಾಕೆಟ್ಟಿಗೆ ಹೆಚ್ಚು ಬಳಿದರೆ ಉಳಿದದ್ದು ಒಳಗೆ ಮಡುಗಟ್ಟಿ ಪೈಪಿನ ಗೋಡೆಯನ್ನೇ ಮೆತ್ತಗಾಗಿಸುತ್ತದೆ.

ಸಿಮೆಂಟ್ ಹಸಿಯಾಗಿರುವಾಗಲೇ ಪೈಪನ್ನು ಕಾಲು ಸುತ್ತು ತಿರುಗಿಸುತ್ತ ತಳದವರೆಗೆ ತಳ್ಳಿ, ಸುಮಾರು 30 ಸೆಕೆಂಡು ಹಾಗೇ ಒತ್ತಿ ಹಿಡಿಯಬೇಕು. ಸಾಕೆಟ್ ಒಳಗೆ ಹೋದಂತೆ ಸ್ವಲ್ಪ ಕಿರಿದಾಗುವಂತೆ ಅಚ್ಚಾಗಿರುವುದರಿಂದ, ಕೈಬಿಟ್ಟ ಕೂಡಲೇ ಪೈಪು ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ. ಎಳೆದ ಗೆರೆ ಸಾಕೆಟ್ಟಿನ ಬಾಯಿಂದ ಹೊರಗೆ ಬಂದಿರುವುದನ್ನು ಕಂಡರೆ ಆ ಕೀಲು ಅರೆಬರೆ ಎಂದು ತಿಳಿಯಬೇಕು. ಬಾಯಿಯ ಸುತ್ತ ಒಂದೇ ಸಮನಾದ ಸಣ್ಣ ಏಣು ಮೂಡಿದ್ದರೆ ಸಿಮೆಂಟ್ ಎಲ್ಲ ಕಡೆ ತಲುಪಿದೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒತ್ತಡ ಕೊಡದೆ ಬಿಡಬೇಕು. ಯುಪಿವಿಸಿಯ ಸಿಮೆಂಟನ್ನು ಸಿಪಿವಿಸಿಗೆ ಹಚ್ಚಬಾರದು, ಗಟ್ಟಿಯಾಗುತ್ತಿರುವ ಹಳೆಯ ಸಿಮೆಂಟಿಗೆ ತಿನ್ನರ್ ಬೆರೆಸಿ ತೆಳುವಾಗಿಸಲೂಬಾರದು. ಸೋರಿಕೆಯ ಪರೀಕ್ಷೆಯನ್ನು ನೀರು ತುಂಬಿಯೇ ಮಾಡಬೇಕು. ಒತ್ತಿದ ಗಾಳಿಯಿಂದ ಪಿವಿಸಿ ಪೈಪನ್ನು ಪರೀಕ್ಷಿಸುವುದು ಜೀವಕ್ಕೆ ಅಪಾಯ. ಒಡೆದರೆ ಪೈಪು ಚೂರುಚೂರಾಗಿ ಸಿಡಿಯುತ್ತದೆ.

ಯುಪಿವಿಸಿ ಕಿಟಕಿಗಳಲ್ಲಿ ನೋಡಬೇಕಾದದ್ದು ಹೊರಗಿನ ಹೊಳಪಿಗಿಂತ ಒಳಗಿನ ಉಕ್ಕು. ದೊಡ್ಡ ಚೌಕಟ್ಟುಗಳ ಟೊಳ್ಳಿನಲ್ಲಿ ಉಕ್ಕಿನ ಪಟ್ಟಿ ಸೇರಿಸದಿದ್ದರೆ ಗಾಳಿಯ ಒತ್ತಡಕ್ಕೂ ಗಾಜಿನ ತೂಕಕ್ಕೂ ಚೌಕಟ್ಟು ಬಾಗುತ್ತದೆ. ಬಿಸಿಲು ತಡೆಯಲು ಅದರಲ್ಲಿ ಟೈಟಾನಿಯಂ ಡೈಆಕ್ಸೈಡ್ ಬೆರೆಸಿರುತ್ತಾರೆ, ಬಿಳಿ ಬಣ್ಣ ಅದರಿಂದಲೇ. ಒಳಗೋಡೆಗೆಂದು ಮಾಡಿದ ಪೈಪುಗಳಲ್ಲಿ ಈ ರಕ್ಷಣೆ ಅಷ್ಟಿರುವುದಿಲ್ಲವಾದ್ದರಿಂದ, ಹೊರಗೋಡೆಯ ಮೇಲೆ ಬಿಸಿಲಿಗೆ ಒಡ್ಡಿದ ಪಿವಿಸಿ ಪೈಪಿಗೆ ನೀರು ಆಧಾರಿತ ತಿಳಿ ಬಣ್ಣವನ್ನಾದರೂ ಬಳಿಯಬೇಕು. ಕುಡಿಯುವ ನೀರಿಗೆ ಪೈಪು ಆರಿಸುವಾಗ ಸೀಸದ ಸಂಯುಕ್ತಗಳಿಲ್ಲದೆ ತಯಾರಿಸಿದ್ದನ್ನೇ ಕೇಳಿ ಪಡೆಯಬೇಕು.

ತಂತಿಯ ವಿಷಯದಲ್ಲಿ ಒಂದು ಮಾತು ಸಾಕು: ಸಾಮಾನ್ಯ ಪಿವಿಸಿ ಹೊದಿಕೆಯ ತಂತಿಯ ವಾಹಕ 70 ಡಿಗ್ರಿಯವರೆಗೆ ಬಿಸಿಯಾಗಬಹುದು, ಅಣುಸರಪಳಿಗಳ ನಡುವೆ ಅಡ್ಡಕೊಂಡಿ ಹಾಕಿದ ಪಾಲಿಎಥಿಲೀನ್ ಹೊದಿಕೆಯದು 90 ಡಿಗ್ರಿಯವರೆಗೆ. ಜನ ಸೇರುವ ಕಟ್ಟಡಗಳಲ್ಲಿ ಹೊಗೆ ಕಡಿಮೆ ಬರುವ, ಕ್ಲೋರಿನ್‌ನಂಥ ಹ್ಯಾಲೋಜನ್‌ಗಳಿಲ್ಲದ ಹೊದಿಕೆಯ ತಂತಿ ಹೆಚ್ಚು ಸುರಕ್ಷಿತ.

ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್

ಇವೆರಡೂ ನೀರಿನಲ್ಲಿ ತೇಲುವಷ್ಟು ಹಗುರ, ಪಿವಿಸಿ ಮುಳುಗುತ್ತದೆ; ಗುರುತು ಅಳಿಸಿದ ತುಂಡನ್ನು ಬೇರ್ಪಡಿಸಲು ಒಂದು ಬಕೆಟ್ ನೀರು ಸಾಕು. ಇವೆರಡರ ಮೈಗೆ ಯಾವ ಸಾಮಾನ್ಯ ಅಂಟೂ ಹಿಡಿಯುವುದಿಲ್ಲ. ಆದ್ದರಿಂದ ಕೀಲು ಆಗಬೇಕಾದದ್ದು ಬಿಸಿ ಬೆಸುಗೆಯಿಂದ ಅಥವಾ ಬಿಗಿಯುವ ಫಿಟ್ಟಿಂಗ್‌ನಿಂದ ಮಾತ್ರ.

ನೆಲದಡಿಯ ನೀರಿನ ಸಾಲಿಗೆ ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್ ಆದ ಎಚ್‌ಡಿಪಿಇ ಪೈಪು ಬಹಳ ಒಳ್ಳೆಯ ಆಯ್ಕೆ, ಏಕೆಂದರೆ ಮಣ್ಣು ಸ್ವಲ್ಪ ಕುಸಿದರೂ ಅದು ಮುರಿಯದೆ ಬಾಗುತ್ತದೆ. ಕಪ್ಪು ಪೈಪಿನಲ್ಲಿ ಶೇ 2ರಿಂದ 2.5ರಷ್ಟು ಇಂಗಾಲದ ಕಪ್ಪು ಬೆರೆತಿರುವುದು ಬಿಸಿಲಿನಿಂದ ರಕ್ಷಣೆಗೆ. ಪೈಪಿನ ಮೇಲೆ ಪಿಇ100 ಎಂದಿದ್ದರೆ, 20 ಡಿಗ್ರಿ ತಾಪದಲ್ಲಿ 50 ವರ್ಷ ತನ್ನ ಗೋಡೆಯೊಳಗೆ ಕನಿಷ್ಠ 10 ಮೆಗಾಪಾಸ್ಕಲ್ ಸೆಳೆತವನ್ನು (ನೀರಿನ ಒತ್ತಡವನ್ನಲ್ಲ) ತಡೆಯುವ ವಸ್ತು ಎಂದರ್ಥ. ಎಸ್‌ಡಿಆರ್ ಎಂಬ ಅಂಕಿಯು ಹೊರವ್ಯಾಸವನ್ನು ಗೋಡೆಯ ದಪ್ಪದಿಂದ ಭಾಗಿಸಿದ ಉತ್ತರ, 110 ಮಿ.ಮೀ. ಪೈಪಿನ ಎಸ್‌ಡಿಆರ್ 11 ಆಗಿದ್ದರೆ ಗೋಡೆಯ ದಪ್ಪ 10 ಮಿ.ಮೀ. ಇರಬೇಕು. ಅಂಕಿ ಚಿಕ್ಕದಾದಷ್ಟೂ ಪೈಪು ದಪ್ಪ. ವರ್ನಿಯರ್ ಹಿಡಿದು ಅಳೆದು ನೋಡಿದರೆ, ಹೇಳಿದ್ದು ಒಂದು ಕೊಟ್ಟದ್ದು ಇನ್ನೊಂದು ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಬೆಸೆಯುವಾಗ ಎರಡು ತುದಿಗಳನ್ನೂ ಸಮತಟ್ಟಾಗಿ ಹೆರೆದು, 200ರಿಂದ 230 ಡಿಗ್ರಿಯ ಬಿಸಿ ತಟ್ಟೆಗೆ ಒತ್ತಿ, ತಟ್ಟೆ ತೆಗೆದ ಕೂಡಲೇ ತುದಿಗಳನ್ನು ಕೂಡಿಸಿ, ಆರುವವರೆಗೆ ಅಲುಗದಂತೆ ಹಿಡಿದಿರಬೇಕು. ನೀರು ಸುರಿದು ಬೇಗ ಆರಿಸುವ ಅಭ್ಯಾಸ ಕೀಲನ್ನು ದುರ್ಬಲಗೊಳಿಸುತ್ತದೆ. ವಿದ್ಯುತ್ ಕಾಯಿಲ್ ಇರುವ ಫಿಟ್ಟಿಂಗ್ ಬಳಸುವುದಾದರೆ ಪೈಪಿನ ಮೇಲ್ಮೈಯ ತೆಳು ಪದರವನ್ನು ಹೆರೆಯುವ ಸಾಧನದಿಂದ ತೆಗೆಯುವುದು ಕಡ್ಡಾಯ. ಗಾಳಿ ತಗಲಿ ಹಳತಾದ ಆ ಪದರ ಬೆಸೆಯುವುದಿಲ್ಲ, ಉಜ್ಜುಕಾಗದದಿಂದ ಉಜ್ಜಿದರೆ ಅದು ಪೂರ್ತಿ ಹೋಗುವುದೂ ಇಲ್ಲ.

ನೆಲಗಟ್ಟಿನ ಕೆಳಗೆ ಹಾಸುವ ಹಾಳೆಯೂ ಪಾಲಿಎಥಿಲೀನ್ ಜಾತಿಯದೇ. ಸುಮಾರು 0.25 ಮಿ.ಮೀ. ಅಥವಾ ಅದಕ್ಕಿಂತ ದಪ್ಪದ ಹಾಳೆಯನ್ನು, ಕೆಳಗಿನ ಜಲ್ಲಿ ಚುಚ್ಚದಂತೆ ಮರಳಿನ ಪದರದ ಮೇಲೆ ಹಾಸಿ, ಕನಿಷ್ಠ 150 ಮಿ.ಮೀ. ಮೇಲುಹೊದಿಕೆ ಬಿಟ್ಟು ಟೇಪು ಹಚ್ಚಿ, ಗೋಡೆಯ ತೇವತಡೆ ಪದರಕ್ಕೆ ಕೂಡುವಂತೆ ಅಂಚನ್ನು ಮೇಲಕ್ಕೆತ್ತಬೇಕು. ಕಾಂಕ್ರೀಟ್ ಸುರಿಯುವಾಗ ಬೂಟುಗಾಲಿನಿಂದ ಆದ ಒಂದು ತೂತು ಸಾಕು, ಅಲ್ಲಿಂದಲೇ ತೇವ ಏರುತ್ತದೆ.

ಬಿಸಿನೀರಿಗೆ ಪಾಲಿಎಥಿಲೀನಿನ ಅಣುಸರಪಳಿಗಳಿಗೆ ಅಡ್ಡಕೊಂಡಿ ಹಾಕಿ ಮಾಡಿದ ಪೆಕ್ಸ್ ಪೈಪು ಬರುತ್ತದೆ. ಅದು ಸುರುಳಿಯಲ್ಲಿ ಸಿಗುವುದರಿಂದ ಕೀಲುಗಳಿಲ್ಲದೆ ಉದ್ದಕ್ಕೆ ಎಳೆಯಬಹುದು, ಇದೇ ಅದರ ದೊಡ್ಡ ಲಾಭ. ಅದನ್ನು ಬೆಸೆಯಲು ಬಾರದು, ಬಿಸಿಲಿನಲ್ಲಿ ಬಿಡಲೂಬಾರದು.

ಪಾಲಿಪ್ರೊಪಿಲೀನಿನ ಪಿಪಿಆರ್ ಪೈಪನ್ನು 260 ಡಿಗ್ರಿಯ ಸಾಧನದಲ್ಲಿ ಪೈಪು ಮತ್ತು ಫಿಟ್ಟಿಂಗ್ ಎರಡನ್ನೂ ಏಕಕಾಲಕ್ಕೆ ಕಾಯಿಸಿ ಕೂಡಿಸುತ್ತಾರೆ. 20 ಮಿ.ಮೀ. ಪೈಪಿಗೆ 5 ಸೆಕೆಂಡು, 25 ಮಿ.ಮೀ. ಪೈಪಿಗೆ 7 ಸೆಕೆಂಡು ಕಾಯಿಸಿದರೆ ಸಾಕು. ಇಲ್ಲಿ ಪಿವಿಸಿಗೆ ವಿರುದ್ಧವಾದ ನಿಯಮ: ತಿರುಗಿಸಬಾರದು, ನೇರವಾಗಿ ತಳ್ಳಬೇಕು. ಹೆಚ್ಚು ಹೊತ್ತು ಕಾಯಿಸಿದರೆ, ಹೆಚ್ಚು ಆಳಕ್ಕೆ ತಳ್ಳಿದರೆ, ಕರಗಿದ ಪ್ಲಾಸ್ಟಿಕ್ ಒಳಗೆ ಬಳೆಯಂತೆ ಉಬ್ಬಿ ನೀರಿನ ದಾರಿಯನ್ನು ಕಿರಿದಾಗಿಸುತ್ತದೆ. ಹೊರಗಿನಿಂದ ಅಚ್ಚುಕಟ್ಟಾಗಿ ಕಾಣುವ ಸಾಲಿನಲ್ಲೂ ನೀರಿನ ರಭಸ ಕಡಿಮೆಯಿದ್ದರೆ ಮೊದಲು ಸಂಶಯಪಡಬೇಕಾದದ್ದು ಇದನ್ನೇ. ಹೊಸಬರು ಒಂದು ಕೀಲನ್ನು ಮಾಡಿ ಉದ್ದಕ್ಕೆ ಸೀಳಿ ಒಳಗನ್ನು ನೋಡಿಕೊಂಡು ಆಮೇಲೆ ಕೆಲಸ ಮುಂದುವರಿಸುವುದು ಒಳ್ಳೆಯದು.

ಕಾಂಕ್ರೀಟಿಗೆ ಬೆರೆಸುವ ಪಾಲಿಪ್ರೊಪಿಲೀನ್ ಎಳೆಗಳು ಹಸಿ ಕಾಂಕ್ರೀಟ್ ಒಣಗುವಾಗ ಮೇಲ್ಮೈಯಲ್ಲಿ ಬೀಳುವ ಬಿರುಕುಗಳನ್ನು ತಡೆಯುತ್ತವೆ. ಬೆಂಕಿ ಬಿದ್ದಾಗ ಸುಮಾರು 160 ಡಿಗ್ರಿಯಲ್ಲಿ ಕರಗಿ ಒಳಗಿನ ಉಗಿಗೆ ದಾರಿ ಬಿಡುವುದರಿಂದ ಕಾಂಕ್ರೀಟ್ ಸಿಡಿಯುವುದೂ ಕಡಿಮೆಯಾಗುತ್ತದೆ. ಇವು ಉಕ್ಕಿನ ಸರಳಿಗೆ ಬದಲಿಯಲ್ಲ.

ಉಷ್ಣರೋಧಕ ಫೋಮುಗಳು ಮತ್ತು ಬೆಂಕಿ

ಥರ್ಮೋಕೋಲ್ ಎಂದು ಎಲ್ಲರೂ ಕರೆಯುವ, ಉಬ್ಬಿಸಿದ ಪಾಲಿಸ್ಟೈರೀನ್ ಮಣಿಗಳಿಂದ ಮಾಡಿದ ಇಪಿಎಸ್‌ನ ಗಾತ್ರದಲ್ಲಿ ಸುಮಾರು ಶೇ 98 ಗಾಳಿಯೇ. ಮಣಿಗಳ ನಡುವೆ ಸಂದಿ ಉಳಿಯುವುದರಿಂದ ನೆಲದಡಿಯಲ್ಲೋ ತೇವದಲ್ಲೋ ಅದಕ್ಕಿಂತ ಮುಚ್ಚಿದ ಗೂಡುಗಳಿರುವ, ಪಾಲಿಸ್ಟೈರೀನಿನದೇ ಇನ್ನೊಂದು ಬಗೆಯಾದ ಎಕ್ಸ್‌ಪಿಎಸ್ ಹಲಗೆ ಮೇಲು. ಪಾಲಿಯುರೆಥೇನ್ ಮತ್ತು ಅದರ ಹತ್ತಿರದ ಬಗೆಯಾದ ಪಿಐಆರ್ ಹಲಗೆಗಳು ಇನ್ನೂ ತೆಳು ದಪ್ಪದಲ್ಲಿ ಅಷ್ಟೇ ಕೆಲಸ ಮಾಡುತ್ತವೆ: ಉಷ್ಣವಾಹಕತೆ ಇಪಿಎಸ್‌ಗೆ ಮೀಟರ್-ಕೆಲ್ವಿನ್‌ಗೆ ಸುಮಾರು 0.035 ವ್ಯಾಟ್ ಇದ್ದರೆ, ಇವಕ್ಕೆ ಸುಮಾರು 0.025 ವ್ಯಾಟ್.

ಪಾಲಿಸ್ಟೈರೀನನ್ನು ಪೆಟ್ರೋಲು, ತಿನ್ನರ್ ಮತ್ತು ದ್ರಾವಕ ಬೆರೆತ ಅಂಟುಗಳು ಕಣ್ಣೆದುರೇ ಕರಗಿಸುತ್ತವೆ; ನೀರು ಆಧಾರಿತ ಅಂಟನ್ನೇ ಬಳಸಬೇಕು. ಹೆಚ್ಚು ಮಂದಿಗೆ ಗೊತ್ತಿಲ್ಲದ ಅಪಾಯವೆಂದರೆ ಪಿವಿಸಿ ತಂತಿಯನ್ನು ಥರ್ಮೋಕೋಲಿಗೆ ತಗಲಿಸಿ ಎಳೆಯುವುದು. ತಂತಿಯ ಹೊದಿಕೆಯಲ್ಲಿರುವ ಮೆತ್ತಗಾಗಿಸುವ ದ್ರವ ನಿಧಾನವಾಗಿ ಫೋಮಿಗೆ ಇಳಿಯುತ್ತದೆ, ಫೋಮು ತಂತಿಯ ಗುಂಟ ಕರಗಿ ಕುಸಿಯುತ್ತದೆ, ದ್ರವ ಕಳೆದುಕೊಂಡ ಹೊದಿಕೆ ಗಡುಸಾಗಿ ಬಿರಿಯುತ್ತದೆ. ತಂತಿಯನ್ನು ಗಡುಸು ಪೈಪಿನೊಳಗೆ ಎಳೆದರೆ ಈ ತೊಂದರೆ ಇಲ್ಲ.

ಡಬ್ಬಿಯಿಂದ ಚಿಮ್ಮಿಸುವ ಪಾಲಿಯುರೆಥೇನ್ ಫೋಮು ಗಾಳಿಯ ಮತ್ತು ಮೇಲ್ಮೈಯ ತೇವ ಹೀರಿ ಗಟ್ಟಿಯಾಗುತ್ತದೆ. ಸಂದಿಯನ್ನು ಮೊದಲು ಸ್ವಲ್ಪ ಒದ್ದೆ ಮಾಡಿ, ಅರ್ಧದಷ್ಟು ಮಾತ್ರ ತುಂಬಬೇಕು. ಪೂರ್ತಿ ತುಂಬಿದರೆ ಉಬ್ಬಿ ಬಾಗಿಲ ಚೌಕಟ್ಟನ್ನೇ ಒಳಕ್ಕೆ ತಳ್ಳುತ್ತದೆ. ಗಟ್ಟಿಯಾಗುವವರೆಗೆ ಅದರಿಂದ ಬರುವ ಐಸೊಸಯನೇಟ್ ಉಸಿರಾಟಕ್ಕೆ ಹಾನಿಕರ, ಆದ್ದರಿಂದ ಕಿಟಕಿ ತೆರೆದು, ಕೈಗವಸು ಮತ್ತು ಕನ್ನಡಕ ಧರಿಸಿ ಕೆಲಸ ಮಾಡಬೇಕು.

ಬೆಂಕಿಯ ವಿಷಯದಲ್ಲಿ ಯಾವ ರಾಜಿಯೂ ಸಲ್ಲದು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಹತ್ತಿದ ಬೆಂಕಿ ಹೊರಗೋಡೆಯ ಹೊದಿಕೆಯ ಗುಂಟ ಮೇಲೇರಿ 72 ಮಂದಿಯ ಜೀವ ತೆಗೆದುಕೊಂಡಿತು. ಆ ಅಲ್ಯೂಮಿನಿಯಂ ಹಲಗೆಗಳ ನಡುವೆ ಇದ್ದದ್ದು ಪಾಲಿಎಥಿಲೀನ್ ತಿರುಳು. ಬಿಡಿಯಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಹಲಗೆ, ಹಿಂದೆ ಗಾಳಿಯ ಟೊಳ್ಳು ಇರುವ ಗೋಡೆಯ ಮೇಲೆ ಬೇರೆಯೇ ರೀತಿ ಉರಿಯಬಹುದು. ಆದ್ದರಿಂದ ಇಡೀ ಗೋಡೆಯ ಜೋಡಣೆಗೆ ಅಗ್ನಿಪರೀಕ್ಷೆಯ ವರದಿ ಕೇಳಬೇಕು, ಪ್ರತಿ ಮಹಡಿಯಲ್ಲೂ ಟೊಳ್ಳನ್ನು ಬೆಂಕಿತಡೆ ಪಟ್ಟಿಯಿಂದ ಮುಚ್ಚಬೇಕು, ಒಳಗಡೆ ಯಾವ ಫೋಮನ್ನೂ ಗಾರೆ ಅಥವಾ ಜಿಪ್ಸಮ್ ಹಲಗೆಯ ಹೊದಿಕೆಯಿಲ್ಲದೆ ಬಯಲಾಗಿ ಬಿಡಬಾರದು. ಹಳೆಯ ಕಟ್ಟಡ ಒಡೆಯುವಾಗ ಸಿಗುವ ಪಾಲಿಸ್ಟೈರೀನ್ ಹಲಗೆಗಳಲ್ಲಿ ಎಚ್‌ಬಿಸಿಡಿ ಎಂಬ ಬೆಂಕಿನಿರೋಧಕ ಇರುವ ಸಾಧ್ಯತೆ ಇದೆ. 2013ರಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಕಾರಿ ರಾಸಾಯನಿಕಗಳನ್ನು ನಿಯಂತ್ರಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದ ಈ ರಾಸಾಯನಿಕದ ಕಾರಣ ಅವನ್ನು ಉಳಿದ ಕಸದಿಂದ ಬೇರೆಯಾಗಿಯೇ ಇಡಬೇಕು.

ಬೆಳಕು ಬಿಡುವ ಹಾಳೆಗಳು

ಚಾವಣಿಗೆ ಪಾಲಿಕಾರ್ಬೊನೇಟ್, ಗೀರು ಬೀಳಬಾರದ ಕಡೆಗೆ ಅಕ್ರಿಲಿಕ್ ಎಂದು ಸ್ಥೂಲವಾಗಿ ಹೇಳಬಹುದು. ಅಕ್ರಿಲಿಕ್ ಸುಮಾರು ಶೇ 92ರಷ್ಟು ಬೆಳಕನ್ನು ಬಿಡುತ್ತದೆ, ಬಿಸಿಲಿಗೆ ಹಳದಿಯಾಗುವುದಿಲ್ಲ, ಆದರೆ ಪೆಟ್ಟಿಗೆ ಒಡೆಯುತ್ತದೆ. ಪಾಲಿಕಾರ್ಬೊನೇಟ್ ಸುತ್ತಿಗೆ ಪೆಟ್ಟಿಗೂ ಸುಲಭವಾಗಿ ಒಡೆಯದು, ಆದರೆ ಬಿಸಿಲಿನಿಂದ ಕಾಯಲು ಅದರ ಮೇಲೆ ಒಂದು ತೆಳು ಲೇಪ ಬೇಕೇ ಬೇಕು. ಬಹಳಷ್ಟು ಹಾಳೆಗಳಲ್ಲಿ ಈ ಲೇಪ ಒಂದೇ ಮಗ್ಗುಲಲ್ಲಿರುತ್ತದೆ, ರಕ್ಷಣೆಯ ತೆಳುಹಾಳೆಯ ಮೇಲೆ ಯಾವುದು ಹೊರಮೈ ಎಂದು ಬರೆದಿರುತ್ತದೆ. ಅದನ್ನು ಕಿತ್ತೆಸೆದು ಆಮೇಲೆ ನೆನಪಿನಿಂದ ಕೂರಿಸಿದರೆ ತಲೆಕೆಳಗಾದ ಹಾಳೆ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಬಿರುಸಾಗುತ್ತದೆ.

ಟೊಳ್ಳು ಸಾಲುಗಳಿರುವ ಹಾಳೆಯನ್ನು ಸಾಲುಗಳು ಇಳಿಜಾರಿನ ದಿಕ್ಕಿಗೇ ಬರುವಂತೆ ಹಾಕಬೇಕು. ಮೇಲಿನ ಬಾಯಿಗಳನ್ನು ಗಾಳಿಯಾಡದ ಟೇಪಿನಿಂದ ಮುಚ್ಚಿ, ಕೆಳಗಿನವಕ್ಕೆ ಧೂಳು ತಡೆದು ನೀರಾವಿ ಬಿಡುವ ಟೇಪು ಹಚ್ಚಬೇಕು, ಇಲ್ಲದಿದ್ದರೆ ಒಳಗೆ ನೀರು ನಿಂತು ಪಾಚಿ ಕಟ್ಟುತ್ತದೆ. 3 ಮೀಟರ್ ಹಾಳೆ 40 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 8 ಮಿ.ಮೀ. ಹಿಗ್ಗುವುದರಿಂದ, ತಿರುಪಿನ ತೂತನ್ನು ತಿರುಪಿಗಿಂತ ಅಗಲವಾಗಿ ಕೊರೆದು, ಅಗಲ ವಾಷರು ಹಾಕಿ, ಹಾಳೆ ತಗ್ಗದಷ್ಟು ಮಾತ್ರ ಬಿಗಿಯಬೇಕು. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಪಾಲಿಕಾರ್ಬೊನೇಟಿಗೆ ಶತ್ರು. ಮೃದು ಸಾಬೂನಿನ ನೀರು ಸಾಕು.

ರಾಳಗಳು, ಸೀಲೆಂಟುಗಳು

ಎಪಾಕ್ಸಿಯಲ್ಲಿ ತಪ್ಪು ನಡೆಯುವುದು ಅಳತೆಯಲ್ಲಿ. ಗಟ್ಟಿಕಾರಕ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಸುಳ್ಳು; ಹೆಚ್ಚಾದ ಭಾಗ ಕೂಡಿಕೊಳ್ಳಲು ರಾಳವಿಲ್ಲದೆ ಉಳಿದು ಇಡೀ ಪದರ ಅಂಟಂಟಾಗಿಯೋ ಬಿರುಸಾಗಿಯೋ ಉಳಿಯುತ್ತದೆ. ಬೆರೆಸಿದ ಎಪಾಕ್ಸಿ ಡಬ್ಬಿಯಲ್ಲಿ ರಾಶಿಯಾಗಿದ್ದರೆ ತನ್ನದೇ ಬಿಸಿಯಿಂದ ಬೇಗ ಗಟ್ಟಿಯಾಗಿ ಹೊಗೆಯಾಡಬಹುದು, ಹಾಗಾಗಿ ಬೇಕಾದಷ್ಟೇ ಬೆರೆಸಿ, ಬೆರೆಸಿದ ಕೂಡಲೇ ನೆಲದ ಮೇಲೆ ಹರಡಬೇಕು. ಬಿಸಿಲು ಬೀಳುವ ಕಡೆ ಎಪಾಕ್ಸಿ ಹಳದಿಯಾಗಿ ಪುಡಿಯೇಳುತ್ತದೆ. ಅಲ್ಲಿ ಮೇಲೊಂದು ಪಾಲಿಯುರೆಥೇನ್ ಲೇಪ ಬೇಕು.

ಸಿಲಿಕೋನ್ ಸೀಲೆಂಟುಗಳಲ್ಲಿ ವಿನೆಗರಿನ ವಾಸನೆ ಬರುವಂಥದ್ದು ಗಾಜಿಗೆ ಚೆನ್ನ, ಆದರೆ ಅಮೃತಶಿಲೆ, ಕಾಂಕ್ರೀಟ್ ಮತ್ತು ತಾಮ್ರಕ್ಕೆ ಬೇಡ, ಏಕೆಂದರೆ ಅದು ಬಿಡುವ ಆಮ್ಲ ಅವನ್ನು ತಿನ್ನುತ್ತದೆ. ಅಂಥ ಕಡೆ ತಟಸ್ಥ ಬಗೆಯನ್ನು ಆರಿಸಬೇಕು. ಸಂದಿಯ ತಳಕ್ಕೆ ಫೋಮಿನ ಹುರಿ ತುಂಬಿ, ಸೀಲೆಂಟ್ ಎರಡು ಪಕ್ಕಗಳಿಗೆ ಮಾತ್ರ ಹಿಡಿಯುವಂತೆ, ಅಗಲದ ಅರ್ಧದಷ್ಟು ಆಳದಲ್ಲಿ ತುಂಬಬೇಕು. ತಳಕ್ಕೂ ಅಂಟಿಕೊಂಡ ಸೀಲೆಂಟ್ ಸಂದಿ ಹಿಗ್ಗುವಾಗ ಎಳೆಯಲಾಗದೆ ಹರಿಯುತ್ತದೆ. ಸಿಲಿಕೋನ್ ಮೇಲೆ ಬಣ್ಣ ಕೂರುವುದಿಲ್ಲ. ಬಣ್ಣ ಬಳಿಯುವ ಗೋಡೆಗೆ ಅಕ್ರಿಲಿಕ್ ಸೀಲೆಂಟ್ ಸರಿ.

ಗಾಜಿನ ಎಳೆ ಸೇರಿಸಿದ ರಾಳದ ಸರಳುಗಳು ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಉಪ್ಪುನೀರಿನ ಕಡೆ ಉಪಯುಕ್ತ, ಆದರೆ ಅವುಗಳ ಬಿಗಿತ ಉಕ್ಕಿನ ಕಾಲುಭಾಗದಷ್ಟೇ, ಕೆಲಸದ ಜಾಗದಲ್ಲಿ ಬಗ್ಗಿಸಲೂ ಬಾರದು. ಉಕ್ಕಿಗೆ ಮಾಡಿದ ಲೆಕ್ಕದಲ್ಲೇ ಇವನ್ನು ಹಾಕುವುದು ಅಪಾಯ. ವಿನ್ಯಾಸವನ್ನು ಎಂಜಿನಿಯರ್ ಹೊಸದಾಗಿ ಮಾಡಬೇಕು.

ತಂದಿಡುವುದು, ಉಳಿದದ್ದನ್ನು ಬೇರ್ಪಡಿಸುವುದು

ಪೈಪುಗಳನ್ನು ಉದ್ದಕ್ಕೂ ಆಧಾರ ಸಿಗುವಂತೆ ಸಮತಟ್ಟಾದ ನೆಲದಲ್ಲಿ, ನೆರಳಿನಲ್ಲಿ, ಎತ್ತರವಾಗಿ ಪೇರಿಸದೆ ಇಡಬೇಕು. ಮುಚ್ಚಲು ಕಪ್ಪು ಹಾಳೆ ಹೊದಿಸಿದರೆ ಒಳಗೆ ಬಿಸಿ ಕಟ್ಟಿ ಪೈಪು ಬಾಗುತ್ತದೆ, ಗಾಳಿಯಾಡುವ ತಿಳಿ ಬಣ್ಣದ ಹೊದಿಕೆ ಒಳ್ಳೆಯದು. ಸಾಲ್ವೆಂಟ್ ಸಿಮೆಂಟ್, ಫೋಮಿನ ಡಬ್ಬಿ ಮತ್ತು ಎಪಾಕ್ಸಿಯ ಅವಧಿ ಮುಗಿದಿದೆಯೇ ನೋಡಿಯೇ ತೆರೆಯಬೇಕು. ಕೆಲಸ ಮುಗಿದ ಮೇಲೆ ಉಳಿದ ತುಂಡುಗಳನ್ನು ತ್ರಿಕೋನದ ಗುರುತಿನ ಅಂಕಿ ನೋಡಿ ಬೇರ್ಪಡಿಸಬಹುದು: 2 ಎಚ್‌ಡಿಪಿಇ, 3 ಪಿವಿಸಿ, 4 ಎಲ್‌ಡಿಪಿಇ (ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್), 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಉಳಿದವು. ಪಾಲಿಎಥಿಲೀನ್ ರಾಶಿಯಲ್ಲಿ ಸೇರಿದ ಸ್ವಲ್ಪ ಪಿವಿಸಿಯೂ ಕರಗಿಸುವಾಗ ಆಮ್ಲ ಬಿಟ್ಟು ಇಡೀ ರಾಶಿಯನ್ನು ಕೆಡಿಸುವುದರಿಂದ, ಇವೆರಡನ್ನು ಬೇರೆ ಬೇರೆ ಚೀಲಕ್ಕೆ ಹಾಕುವುದಂತೂ ಕಡ್ಡಾಯವಾಗಬೇಕು. ಯಾವುದನ್ನೂ ಕೆಲಸದ ಜಾಗದಲ್ಲಿ ಸುಡಬಾರದು.